ಪಾರ್ಕಿಂಗ್ ಒಂಬತ್ತರ ಬಾನುಲಿ

ನನ್ನ ಕಾರಿನ ಗೇರಿನ ಕೋಲಿಗಿಂತ ಸ್ವಲ್ಪ ಮುಂದೆ ಒಂದು ತೂತಿದೆ. ಕಾರು ಮಾಡಿದವರು ಅದನ್ನು ಸಿಗರೇಟು ಹೊತ್ತಿಸಿಕೊಳ್ಳಲೆಂದು ಕೊರೆದರಂತೆ. ನಮ್ಮ ಮನೆಯವರೋ ಊದುಬತ್ತಿಯ ಹೊಗೆಗೇ ಕೆಮ್ಮುವ ಜನ. ಹಾಗಾಗಿ ಮೊದಲ ಹತ್ತು ಹನ್ನೆರಡು ವರ್ಷ ಆ ತೂತಿಗೆ ಬಿದ್ದದ್ದೆಲ್ಲ ಕಡಲೆಕಾಯಿ ಸಿಪ್ಪೆ, ಟೋಲಿನ ಚೀಟಿಯ ಚೂರು, ಮತ್ತು ಒಂದು ಸಲ ನಮ್ಮ ಅತ್ತೆಯವರ ಮೂಗುಬೊಟ್ಟು. ಈಗ ಅದರಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಯಂತ್ರ ಸಿಕ್ಕಿಕೊಂಡು ನಿಂತಿದೆ. ಕೀಲಿ ತಿರುಗಿಸಿದರೆ ಸಾಕು, ಅದರ ನೆತ್ತಿಯ ಮೇಲೆ ನೀಲಿ ದೀಪ ಹೊತ್ತುತ್ತದೆ. ಈ ಬೊಟ್ಟುಗಾತ್ರದ ದೀಪ ನನ್ನ ಮಾನವನ್ನು ಹೇಗೆ ಕಳೆಯಿತು, ಕಳೆದದ್ದಕ್ಕೆ ಬದಲಾಗಿ ಏನನ್ನು ಕೊಟ್ಟಿತು ಎನ್ನುವುದನ್ನು ನಿಮ್ಮಂಥ ನಾಲ್ಕು ಜನರ ಮುಂದೆ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ಕಾರಿಗೆ ಹದಿನೇಳು ವರ್ಷ. ದಹಿಸರಿನಿಂದ ವಿಕ್ರೋಳಿಯ ಕಾರ್ಖಾನೆಯ ಪ್ರಯೋಗಾಲಯಕ್ಕೆ, ಅಲ್ಲಿಂದ ಮತ್ತೆ ದಹಿಸರಿಗೆ, ನನ್ನನ್ನು ಹೊತ್ತು ಹೊತ್ತು ಅದಕ್ಕೂ ನನ್ನಂತೆಯೇ ಮಂಡಿನೋವು ಬಂದಿದೆ. ಅದರ ಸ್ಟೀರಿಯೋ ಮಾತ್ರ ಇನ್ನೂ ಗಟ್ಟಿ. ಆದರೆ ಅದಕ್ಕೆ ಗೊತ್ತಿರುವುದು ಎರಡೇ ವಿದ್ಯೆ, ಸಿಡಿ ನುಂಗುವುದು ಮತ್ತು ರೇಡಿಯೋ ಹಾಡುವುದು. ಸಿಡಿಯ ಬಾಯಿ ಎಂದೋ ಒಂದನ್ನು ನುಂಗಿ, ಉಗುಳಲೂ ಒಲ್ಲದೆ ಹಾಡಲೂ ಒಲ್ಲದೆ ಮೌನವ್ರತ ಹಿಡಿಯಿತು. ಉಳಿದದ್ದು ರೇಡಿಯೋ. ಇತ್ತ ನನ್ನ ಹಾಡುಗಳೆಲ್ಲ ಫೋನಿನೊಳಗೆ ಹೋಗಿ ಕುಳಿತಿವೆ. ಇಬ್ಬರೂ ಒಂದೇ ಕಾರಿನಲ್ಲಿ ಮೊಳ ದೂರದಲ್ಲಿದ್ದಾರೆ, ಮಾತುಕತೆ ಮಾತ್ರ ಇಲ್ಲ.

ಮೊದಮೊದಲು ನಾನು ಫೋನನ್ನು ಸ್ಟೀಲ್ ಲೋಟದಲ್ಲಿ ಇಳಿಬಿಟ್ಟು ಹಾಡು ಕೇಳುತ್ತಿದ್ದೆ. ಲೋಟದಲ್ಲಿ ದನಿ ದೊಡ್ಡದಾಗುತ್ತದೆ ನಿಜ, ಆದರೆ ಎಂಥ ಗಾಯಕಿಯೂ ಬಾವಿಯೊಳಗಿಂದ ಸಹಾಯಕ್ಕಾಗಿ ಕೂಗುತ್ತಿರುವಂತೆ ಕೇಳುತ್ತದೆ. ಅದೂ ಅಲ್ಲದೆ ಪ್ರತಿ ಹಳ್ಳಕ್ಕೂ ಲೋಟ ಉರುಳಿ ಬ್ರೇಕಿನ ಕೆಳಗೆ ಸೇರುತ್ತಿತ್ತು. ಗ್ಯಾರೇಜಿನವನು "ಮೇಡಂ, ಸ್ಟೀರಿಯೋ ಬದಲ್ ದೋ ನಾ" ಎಂದ. ನಮ್ಮ ಯಜಮಾನರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಕಾರನ್ನೇ ಬದಲಾಯಿಸಿಬಿಡೆ" ಎಂದರು. ಹಳೆಯದಾಯಿತೆಂದು ಬದಲಾಯಿಸುತ್ತ ಹೋದರೆ ಆ ಸಾಲು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನಾನು ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದೆ, ಅಷ್ಟೇ. ಆಮೇಲೆ ಅವರು ಆ ಮಾತೆತ್ತಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ದಹಿಸರ್ ಸ್ಟೇಷನ್ನಿನ ಹೊರಗೆ, ಕೈಗಾಡಿಯಲ್ಲಿ ಫೋನಿನ ಕವರು, ಇಯರ್‌ಫೋನು, ಸೊಳ್ಳೆ ಬ್ಯಾಟು ಮಾರುವ ಒಬ್ಬ ಮಾಮೂಲಿ ವ್ಯಾಪಾರಿಯ ಬಳಿ. ಅವನು ಈ ಹೆಬ್ಬೆರಳಿನ ಯಂತ್ರವನ್ನು ಕೈಯಲ್ಲಿಟ್ಟು ಮಾಡಿದ ಉಪದೇಶವನ್ನು ಕನ್ನಡದಲ್ಲಿ ಸಂಗ್ರಹಿಸಿದರೆ ಇಷ್ಟು: ಇದನ್ನು ತೂತಿಗೆ ಸಿಕ್ಕಿಸಬೇಕು, ಫೋನು ತನ್ನ ಹಾಡನ್ನು ಇದರ ಕಿವಿಯಲ್ಲಿ ಹೇಳುತ್ತದೆ, ಇದು ತಾನೇ ಒಂದು ಪುಟಾಣಿ ರೇಡಿಯೋ ಸ್ಟೇಷನ್ನಾಗಿ ಅದನ್ನು ಗಾಳಿಗೆ ಬಿಡುತ್ತದೆ, ಕಾರಿನ ರೇಡಿಯೋ ಅದನ್ನು ಹಿಡಿದು ಹಾಡುತ್ತದೆ. ಪಾಪ, ರೇಡಿಯೋಗೆ ತಾನು ದೂರದ ಯಾವುದೋ ದೊಡ್ಡ ಸ್ಟೇಷನ್ನನ್ನು ಹಿಡಿದೆನೆಂದೇ ನಂಬಿಕೆ. ಹಾಡು ಬರುತ್ತಿರುವುದು ಒಂದು ಮೊಳ ದೂರದ ನನ್ನ ವ್ಯಾನಿಟಿ ಬ್ಯಾಗಿನಿಂದ ಎಂದು ಅದಕ್ಕೆ ಯಾರು ಹೇಳಬೇಕು?

ಈ ಮಧ್ಯಸ್ಥಿಕೆಯ ಕೆಲಸ ನನಗೇನೂ ಹೊಸದಲ್ಲ ನೋಡಿ. ನಮ್ಮ ಅತ್ತೆ ಮೈಸೂರಿನ ಅಚ್ಚಗನ್ನಡದಲ್ಲಿ "ಮಗೂ, ಹಸಿವಾಗುತ್ತಾ?" ಎಂದರೆ ಕಾಲೇಜಿಗೆ ಹೋಗುವ ನನ್ನ ಮಗಳು ಮೇಘಾ "ಅಭೀ ನಹೀಂ ಅಜ್ಜಿ, ಸ್ವಲ್ಪ ಲೇಟ್" ಎನ್ನುತ್ತಾಳೆ. ಅಜ್ಜಿಗೆ ಹಿಂದಿ ಬಾರದು, ಮೊಮ್ಮಗಳಿಗೆ ಕನ್ನಡ ಕಿವಿಗೆ ಬರುತ್ತದೆ, ನಾಲಿಗೆಗೆ ಬರುವುದಿಲ್ಲ. ನಡುವೆ ತೂತಿನಲ್ಲಿ ಸಿಕ್ಕಿಕೊಂಡವಳು ನಾನು, ಇಲ್ಲಿಂದ ಹಿಡಿದು ಅಲ್ಲಿಗೆ ಬಿಡುತ್ತ ಇರುತ್ತೇನೆ. ನನ್ನ ನೆತ್ತಿಯ ಮೇಲೆ ನೀಲಿ ದೀಪವೊಂದಿಲ್ಲ.

ಯಂತ್ರಕ್ಕೊಂದು ಷರತ್ತಿದೆ. ಗಾಳಿಯಲ್ಲಿ ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗವೊಂದನ್ನು ಹುಡುಕಿ ಅಲ್ಲಿ ಕೂರಬೇಕು. ಮುಂಬಯಿಯಲ್ಲಿ ಖಾಲಿ ಜಾಗ! ನೆಲದ ಮೇಲಿಲ್ಲದ್ದು ಗಾಳಿಯಲ್ಲಿರುತ್ತದೆಯೇ? ಮುಳ್ಳು ತಿರುಗಿಸುತ್ತ ಹೋದರೆ ಒಂದು ಕಡೆ ಜಾಹೀರಾತು, ಇನ್ನೊಂದು ಕಡೆ ಹರಟೆ. ಕೊನೆಗೆ ಎಂಬತ್ತೇಳೂವರೆಯ ಹತ್ತಿರ, ಲೋಕಲ್ ರೈಲಿನ ಬೆಂಚಿನಲ್ಲಿ ನಾಲ್ಕನೆಯವರಿಗೆ ಸಿಗುವಷ್ಟು ಜಾಗ ಸಿಕ್ಕಿತು. ಆದರೆ ಅದನ್ನು ನಾನೊಬ್ಬಳೇ ಕಂಡುಹಿಡಿದಿರಲಿಲ್ಲ. ಈ ಯಂತ್ರವಿದ್ದವರೆಲ್ಲ ಅಲ್ಲೇ ಬಂದು ಒತ್ತಿಕೊಂಡು ಕೂತಿದ್ದರು. ಪವಾಯಿಯ ಸಿಗ್ನಲ್ಲಿನಲ್ಲಿ ನನ್ನ ಆಲಾಪನೆಯ ನಡುವೆ ಪಕ್ಕದ ಟೆಂಪೋದವನ ಭಜನೆ ನುಗ್ಗುತ್ತಿತ್ತು. ಇನ್ನೊಂದು ದಿನ ಯಾರೋ ಇಂಗ್ಲಿಷಿನಲ್ಲಿ "ನಿಮ್ಮ ಮೇಲೆ ನಿಮಗೆ ನಂಬಿಕೆಯಿರಲಿ" ಎಂದು ಗದರಿಸಿದರು. ಸಿಗ್ನಲ್ ಬಿಟ್ಟು ಹತ್ತು ಮಾರು ಹೋದರೆ ಎಲ್ಲ ಮಾಯ. ಇಷ್ಟೆಲ್ಲ ಕಂಡೂ ಅವರದು ನನಗೆ ಕೇಳಿಸಿದರೆ ನನ್ನದು ಅವರಿಗೂ ಕೇಳಿಸಬೇಕಲ್ಲ ಎನ್ನುವುದು ಈ ದಡ್ಡಿಗೆ ಹೊಳೆಯಲಿಲ್ಲ. ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ದುಡಿದವಳು ನಾನು, ನಗಬೇಡಿ.

ನಿಜ ಹೇಳುತ್ತೇನೆ, ನನಗೆ ಈ ಕಾರು ಬೇಕಾದದ್ದು ಓಡುವುದಕ್ಕಲ್ಲ, ನಿಲ್ಲುವುದಕ್ಕೆ. ಆರನೆಯ ಮಹಡಿಯಲ್ಲಿ ನಮ್ಮದು ಒಂದು ಬೆಡ್‌ರೂಮಿನ ಮನೆ. ಹಾಲ್ ಮತ್ತು ಟೀವಿ ಅತ್ತೆಯವರದು. ಬೆಡ್‌ರೂಮು ಬಾಗಿಲು ಹಾಕಿಕೊಂಡು ಓದುವ ಮೇಘಾಳದು. ಬಾಲ್ಕನಿ, ಅದರ ನಾಲ್ಕು ತುಳಸಿ ಕುಂಡದ ಸಮೇತ, ಯಜಮಾನರದು. ನನ್ನ ಪಾಲಿಗೆ ಬಂದದ್ದು ಅಡುಗೆಮನೆ, ಅದನ್ನು ಯಾರೂ ಕಸಿದುಕೊಳ್ಳಲು ಬರಲಿಲ್ಲ. ಹೀಗಾಗಿ ದಿನಾ ಸಂಜೆ ಕಾಂಪೌಂಡಿನೊಳಗೆ ಬಂದು, ಒಂಬತ್ತನೆಯ ನಂಬರಿನಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಕೀಲಿಯನ್ನು ಅರ್ಧಕ್ಕೆ ಬಿಟ್ಟು, ಗಾಜು ಏರಿಸಿ, ಇಪ್ಪತ್ತು ನಿಮಿಷ ಸುಮ್ಮನೆ ಕೂರುತ್ತೇನೆ. ಒಂದೆರಡು ಹಾಡು. ಆಮೇಲೆ ಮೈಸೂರಿನಲ್ಲಿರುವ ನನ್ನ ತಂಗಿ ವಿಜಿ ಕಳಿಸಿದ ದನಿಸಂದೇಶ, ಈಚೆಗೆ ಅದರ ತುಂಬ ಅವಳ ಮಗಳು ನಂದಿನಿಗೆ ವರ ನೋಡುವ ಪುರಾಣವೇ. ಆಮೇಲೆ ನಾನು ಅವಳಿಗೆ ಕಳಿಸಿದ್ದನ್ನೂ ಒಮ್ಮೆ ಹಾಕಿಕೊಂಡು ಕೇಳುತ್ತೇನೆ. ನೀವೂ ಹೀಗೆ ಮಾಡುತ್ತೀರಿ, ಒಪ್ಪಿಕೊಳ್ಳುವುದಿಲ್ಲ ಅಷ್ಟೇ. ಆ ಇಪ್ಪತ್ತು ನಿಮಿಷ ನಾನು ಯಾರ ಸೊಸೆಯೂ ಅಲ್ಲ, ತಾಯಿಯೂ ಅಲ್ಲ. ಇಡೀ ಮುಂಬಯಿಯಲ್ಲಿ ನನಗಿರುವ ಸ್ವಂತ ಕೋಣೆ ಅದೊಂದೇ.

ಪಕ್ಕದ ಎಂಟನೆಯ ನಂಬರು ನಮ್ಮ ಸೊಸೈಟಿಯ ಚೇರ್ಮನ್ ಜಾಧವ್ ಕಾಕಾ ಅವರದು. ಎಪ್ಪತ್ತು ದಾಟಿದ ಮರಾಠಿ ಮನುಷ್ಯ, ತಲೆಗೆ ಮೆಹಂದಿ, ಮುಖದಲ್ಲಿ ನಗುವಿಗೆ ರಜೆ. ಅವರ ಕಾರು ಗೇಟು ದಾಟಿ ಎರಡು ವರ್ಷವಾಗಿದ್ದರೂ ಸಂಜೆ ಅದರಲ್ಲಿ ಪೇಪರ್ ಹಿಡಿದು ರೇಡಿಯೋ ಹಾಕಿಕೊಂಡು ಕೂತಿರುತ್ತಾರೆ. ಕ್ರಿಕೆಟ್ ಕೇಳುತ್ತಿರಬೇಕು ಎಂದುಕೊಂಡಿದ್ದೆ. ಕೆಲವೊಮ್ಮೆ ಪೇಪರಿನ ಹಿಂದೆ ಅವರ ಭುಜ ಕುಲುಕುವುದು ಕಾಣುತ್ತಿತ್ತು. ಪಾಪ, ದಮ್ಮಿರಬೇಕು ಎಂದು ಮರುಗಿದ್ದೂ ಉಂಟು.

ಅವರ ಇನ್ನೊಂದು ವಿಚಿತ್ರವೆಂದರೆ ಲಿಫ್ಟು. ಮನೆ ಎರಡನೆಯ ಮಹಡಿಯಲ್ಲಿ, ಆದರೆ ನಾವು ಗಂಡ ಹೆಂಡತಿ ಲಿಫ್ಟು ಹತ್ತಿದರೆ ಅವರೂ ಹತ್ತಿ, "ಟಾಕೀ ಬಘಾಯಚೀ ಆಹೇ" ಎಂದು ತಾರಸಿಯ ನೀರಿನ ಟ್ಯಾಂಕಿನ ನೆಪ ಹೇಳಿ ಮೇಲಿನವರೆಗೆ ಬರುತ್ತಾರೆ. ಪರವೂರಿನಲ್ಲಿರುವ ನಮಗೆ ಕನ್ನಡವೆಂದರೆ ಬರೀ ತಾಯ್ನುಡಿಯಲ್ಲ, ಅಡಗಿಕೊಳ್ಳಲು ಒಂದು ಪರದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಯಾರ ಎದುರಿಗೆ ಯಾರನ್ನು ಬೇಕಾದರೂ ಅಂದುಬಿಡಬಹುದು. ಹನ್ನೊಂದು ವರ್ಷ ನಾವು ಆ ಮನುಷ್ಯನ ಮೂಗಿನ ಕೆಳಗೇ ನಮ್ಮ ಸಂಸಾರದ ಸಕಲ ಜಗಳಗಳನ್ನೂ ಆಡಿದ್ದೇವೆ. ಅವರನ್ನೂ ಬಿಟ್ಟಿಲ್ಲ.

"ಈ ಸಲ ಮೆಹಂದಿ ಕಿವಿಗೂ ಮೆತ್ತಿಕೊಂಡಿದೆ ನೋಡ್ರೀ."

"ಮೆಲ್ಲಗೆ ಕಣೇ."

"ಅಯ್ಯೋ, ಅವ್ರಿಗೇನು ತಿಳಿಯುತ್ತೆ, ಬಿಡಿ."

ಕಾಕಾ ಲಿಫ್ಟಿನ ಗುಂಡಿಗಳನ್ನೇ ನೋಡುತ್ತ ನಿಂತಿರುತ್ತಿದ್ದರು.

ಹೀಗಿರುವಾಗ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಒಂದು ನೋಟೀಸು ಬಂತು. ಎಲೆಕ್ಟ್ರಿಕ್ ಕಾರುಗಳಿಗೆ ಚಾರ್ಜಿಂಗ್ ಪಾಯಿಂಟ್ ಹಾಕಿಸಬೇಕಾಗಿದೆ, ಮೀಟರ್ ರೂಮಿಗೆ ಹತ್ತಿರವಿರುವ ಕಾರಣ ಒಂಬತ್ತನೆಯ ನಂಬರನ್ನು ತೆರವು ಮಾಡುವ ವಿಚಾರ ಭಾನುವಾರದ ಸಭೆಯ ಮುಂದಿದೆ, ಸಹಿ ಚೇರ್ಮನ್. ಹೊರಗೆ ರಸ್ತೆಯಲ್ಲಿ ಸ್ಕೂಟರಿಗೂ ಜಾಗವಿಲ್ಲ. ಒಂಬತ್ತು ಹೋದರೆ ಕಾರು ಹೋಯಿತು, ಕಾರು ಹೋದರೆ ನನ್ನ ಕೋಣೆ ಹೋಯಿತು.

ಯಜಮಾನರು "ಹೋಗ್ಲಿ ಬಿಡೆ, ರಿಕ್ಷಾ ಇದೆ, ಮೆಟ್ರೋ ಇದೆ" ಎಂದರು. ಅವರಿಗೆ ಬಾಲ್ಕನಿ ಇತ್ತು. ನಾನು ವಿಜಿಗೆ ನಾಲ್ಕು ನಿಮಿಷದ ದನಿಸಂದೇಶ ಕಳಿಸಿದೆ.

"ಕೇಳಿದ್ಯೇನೇ ವಿಜಿ, ಆ ಜಾಧವ್ ಮುದುಕ ನನ್ನ ಬುಡಕ್ಕೇ ಬಿಸಿನೀರು ಬಿಡ್ತಿದಾನೆ. ತಲೆಗೆ ಮೆಹಂದಿ ಹಚ್ಕೊಳ್ಳೋಕೆ ಟೈಮಿದೆ, ಕಾಂಪೌಂಡಿನ ಹಿಂದಿನ ಮೂಲೇಲಿ ಅವನದೇ ಹಳೇ ಮಂಚ, ಬೀರು, ತುಕ್ಕು ಹಿಡಿದ ಸೈಕಲ್ಲು ಬಿದ್ದಿದೆ, ಅದನ್ನ ತೆಗೆಸೋಕೆ ಟೈಮಿಲ್ಲ. ಆ ಜಾಗದಲ್ಲಿ ಎರಡು ಆನೆ ಕಟ್ಟಬಹುದು, ಮೇಲೆ ಮಾವುತನಿಗೂ ಒಂದು ರೂಮು ಕೊಡಬಹುದು ಕಣೇ! ಕಣ್ಣು ಕಾಣಲ್ವಾ ಅವನಿಗೆ?" ಹೀಗೆ ಸಾಗಿ, ಕೊನೆಯ ಒಂದು ನಿಮಿಷ ಬರೀ ಬೈಗುಳ. ಮುದ್ರಣಕ್ಕೆ ಯೋಗ್ಯವಲ್ಲ.

ಶನಿವಾರ ಸಂಜೆ ಕಾರಿನಲ್ಲಿ ಕೂತು ಅದನ್ನು ಮತ್ತೆ ಹಾಕಿಕೊಂಡೆ. ನಮ್ಮ ಸಿಟ್ಟು ನಮಗೆ ರುಚಿಸುವುದು ಒಂದು ದಿನ ನೆನೆದ ಮೇಲೆಯೇ. ಆನೆ ಬಂತು, ಮಾವುತ ಬಂದ, ಭಲೆ ಎಂದುಕೊಂಡೆ. ಪಕ್ಕದ ಕಾರಿನಲ್ಲಿ ಪೇಪರ್ ಅಡ್ಡ ಹಿಡಿದಿದ್ದ ಕಾಕಾ ಅವರ ಭುಜ ಎಂದಿಗಿಂತ ಜೋರಾಗಿ ಕುಲುಕುತ್ತಿತ್ತು. ಆಗ ಮೇಘಾ ಕೆಳಗಿಳಿದು ಬಂದು ಎರಡೂ ಕಾರುಗಳ ನಡುವೆ ನುಸುಳಿದವಳು ಹಾಗೇ ನಿಂತಳು. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಕಿವಿಗೊಟ್ಟಳು. ಆಮೇಲೆ ನನ್ನ ಗಾಜು ಕುಟ್ಟಿದಳು.

"ಅಮ್ಮಾ, ನಿನ್ನ ಆವಾಜ್ ಕಾಕಾ ಕೀ ಗಾಡೀ ಸೇ ಆ ರಹೀ ಹೈ!"

"ಏನಂದೆ?"

"ಸಚ್ಚಿ. ಡಬಲ್ ಡಬಲ್ ಕೇಳ್ತಾ ಇದೆ. ಇಧರ್ ಭೀ ನೀನು, ಉಧರ್ ಭೀ ನೀನು. ಔರ್ ಅಜ್ಜಿ ಪೂಛ್ ರಹೀ ಹೈ, ಕುಕರ್ ಎಷ್ಟು ಸೀಟಿ?"

ಥಟ್ಟನೆ ಯಂತ್ರವನ್ನು ಕಿತ್ತೆ. ಪಕ್ಕದ ಕಾರಿನಿಂದ ಬರೀ ಬರಬರ ಸದ್ದು ಬಂತು. ನನ್ನ ಕೋಣೆಗೆ ಇಷ್ಟು ದಿನ ಗೋಡೆಯೇ ಇರಲಿಲ್ಲ! ನಾಚಿಕೆಯಿಂದ ಮುಖ ಬೆಂದುಹೋಯಿತು. ಆ ರಾತ್ರಿ ಊಟದ ಹೊತ್ತಿಗೆ ಒಂದು ಸಮಾಧಾನ ಕಂಡುಕೊಂಡೆ. ಕೇಳಿಸಿದರೇನು, ಕನ್ನಡ ತಾನೆ? ಯಾವುದೋ ಊರಿನ ಸ್ಟೇಷನ್ನು ಗಾಳಿಗೆ ಸಿಕ್ಕಿತೆಂದು ತಿಳಿದಿರುತ್ತಾರೆ. ಪರದೆ ಇನ್ನೂ ಇದೆ, ಹೆದರಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಕಾಂಪೌಂಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ. ನಾನು ಹಿಂದಿಯಲ್ಲಿ ಭಾಷಣ ಬಾಯಿಪಾಠ ಮಾಡಿಕೊಂಡು ಕೂತಿದ್ದೆ. ಒಂಬತ್ತನೆಯ ನಂಬರಿನ ವಿಷಯ ಬರುತ್ತಲೇ ಜಾಧವ್ ಕಾಕಾ ಎದ್ದು, ಎಲ್ಲರನ್ನೂ ಒಮ್ಮೆ ನೋಡಿ, ಮರಾಠಿಯಲ್ಲಿ ಶುರುಮಾಡಿದರು. ಒಂಬತ್ತನ್ನು ಮುಟ್ಟುವ ಅಗತ್ಯವಿಲ್ಲ, ಹಿಂದಿನ ಮೂಲೆಯಲ್ಲಿ ತಮ್ಮದೇ ಸಾಮಾನು ಬಿದ್ದಿದೆ, ನಾಳೆಯೇ ಗುಜರಿ ಕೊಳ್ಳುವ ಭಂಗಾರ್‌ವಾಲಾನನ್ನು ಕರೆಸಿ ತೆಗೆಸುತ್ತೇನೆ, ಚಾರ್ಜಿಂಗ್ ಪಾಯಿಂಟ್ ಅಲ್ಲೇ ಆಗಲಿ. ಸೆಕ್ರೆಟರಿ "ಅಲ್ಲಿ ಜಾಗ ಸಾಲುತ್ತದೆಯೇ?" ಎಂದು ಕೇಳಿದರು.

ಕಾಕಾ ಮುಖದ ಒಂದು ಗೆರೆಯೂ ಅಲುಗಿಸದೆ ಹೇಳಿದರು: "ತಿಥೆ ದೋನ್ ಹತ್ತೀ ಬಾಂಧತಾ ಯೇತೀಲ್. ವರ್ ಮಾಹುತಾಲಾ ಪಣ್ ಏಕ್ ಖೋಲೀ."

ಸಭೆ ನಕ್ಕಿತು. ನಾನು ನಗಲಿಲ್ಲ. ಎರಡು ಆನೆ, ಮೇಲೆ ಮಾವುತನಿಗೂ ಒಂದು ರೂಮು. ಯಜಮಾನರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ಅವತ್ತು ಚೆನ್ನಾಗಿ ಆಯಿತು. ಕೋಣೆ ಉಳಿದಿತ್ತು, ಆದರೆ ಹನ್ನೊಂದು ವರ್ಷದ ಲಿಫ್ಟು, ಒಂದೊಂದು ಮಹಡಿಯೂ, ನನ್ನ ಕಣ್ಣ ಮುಂದೆ ಇಳಿದು ಬಂತು. ಮೆಹಂದಿ. ಕಿವಿ. ಯಜಮಾನರ ಗೊರಕೆ. ಅತ್ತೆಯವರ ವಿಷಯದಲ್ಲಿ ನಾನು ಆಡಿದ್ದು. ಅಯ್ಯೋ ದೇವರೇ!

ಸಭೆ ಮುಗಿದು ಲಿಫ್ಟು ಹತ್ತಿದೆವು. ಕಾಕಾ ಎಂದಿನಂತೆ ಹತ್ತಿದರು. ಆರು ಒತ್ತಿದೆ. ಬಾಗಿಲು ಹಾಕಿಕೊಂಡಿತು. ನಾವಿಬ್ಬರೂ ತುಟಿ ಹೊಲಿದುಕೊಂಡು ನಿಂತೆವು. ಮೊದಲ ಮಹಡಿ ಹೋಯಿತು, ಎರಡನೆಯದು ಹೋಯಿತು. ಮೂರಕ್ಕೆ ಬರುವ ಹೊತ್ತಿಗೆ ಕಾಕಾ ಗುಂಡಿಗಳಿಂದ ಕಣ್ಣು ಕೀಳದೆಯೇ ಕೇಳಿದರು:

"ಯಾಕ್ರಿ, ಇವತ್ತ ಜಗಳಿಲ್ಲೇನು?"

ಯಜಮಾನರು ಲಿಫ್ಟಿನ ಕಂಬಿ ಹಿಡಿದುಕೊಂಡರು. ನನ್ನ ಬಾಯಿಂದ "ಕಾಕಾ, ನಿಮಗೆ ಕನ್ನಡ..." ಎಂದಷ್ಟೇ ಬಂತು.

"ನಮ್ಮವ್ವ ಅಕ್ಕಲಕೋಟ ಕಡಿಯಾಕಿ. ಮನ್ಯಾಗ ಕನ್ನಡಾನ ಆಡ್ತಿದ್ಲು. ಆಕಿ ಹೋದಮ್ಯಾಲ ನನ್ನ ಕೂಡ ಯಾರೂ ಆಡಿಲ್ಲ. ನನಗ ಮಾತಾಡಾಕ ತಡೀತದ, ಕೇಳಾಕ ಪೂರಾ ತಿಳೀತದ. ದಿನಾ ಎರಡ ಸಲ ಟಾಕಿ ನೋಡಾಕ ಯಾವ ಹುಚ್ಚ ಹೋಗ್ತಾನ್ರಿ?"

"ಇಷ್ಟು ವರ್ಷ ಹೇಳ್ಲಿಲ್ಲವಲ್ಲ ಕಾಕಾ!"

"ಹೇಳಿದ್ರ ನೀವು ಇಂಗ್ಲಿಷ್‌ದಾಗ ಜಗಳಾಡಾಕ ಚಾಲೂ ಮಾಡ್ತಿದ್ರಿ."

ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. "ಬೈದದ್ದು ಇರ್ಲಿ ತಂಗೆವ್ವ. ಎಲ್ಲಾ ನಮ್ಮವ್ವ ಬೈತಿದ್ದ ಬೈಗುಳಾನ, ಬಾಳ ವರ್ಷಕ್ಕ ಕೇಳಿದೆ. ಹೋದ ಗಣಪತಿ ಮುಂದ ರೇಡಿಯೋ ತಿರುವಾಕ ಹತ್ತಿದ್ದೆ, ಒಮ್ಮಿಂದೊಮ್ಮೆಲೆ ನಿಮ್ಮ ತಂಗಿ ಬಂದ್ಲು. ಅವತ್ತಿನಿಂದ ಒಂದು ದಿನಾನೂ ಬಿಟ್ಟಿಲ್ಲ." ಲಿಫ್ಟು ಆರಕ್ಕೆ ಬಂದು ನಿಂತಿತು. ಬಾಗಿಲು ಹಾಕಿಕೊಳ್ಳದಂತೆ ಅವರು ಅದಕ್ಕೆ ಕಾಲು ಅಡ್ಡಕೊಟ್ಟರು, ಮುಖ ಗಂಭೀರವಾಯಿತು. "ಅದೆಲ್ಲಾ ಬಿಡ್ರಿ. ನಿಮ್ಮ ತಂಗಿ ಮಗಳನ್ನ ನೋಡಾಕ ಮೂರು ವರ ಬಂದಿದ್ರಲ್ಲ? ಮೂರನೇದಾಂವ, ಆರು ಕೋಡುಬಳಿ ತಿಂದಾಂವ, ಬಾಳ ಚಲೋ ಹುಡುಗ ಇದ್ದ. ಅವನ್ನ ಯಾಕ ಬಿಟ್ರಿ?"

ನನಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಅದರಲ್ಲಿ ಕೊಂಚ ಬೇರೆ ನೀರೂ ಇತ್ತು. ನಾಲ್ಕು ಗೋಡೆಗಳಿವೆಯೆಂದು ನಂಬಿ ನಾನು ಕೂತಲ್ಲಿ ಇನ್ನೊಬ್ಬರು ತಮ್ಮ ತಾಯಿಯ ಮನೆಯ ಜಗಲಿಯ ಮೇಲೆ ಕೂತಿದ್ದರು. ನಾನು ಅಡಗಿಕೊಳ್ಳಲು ಹೊದ್ದ ಪರದೆ ಅವರಿಗೆ ಹಳೆಯ ಕೌದಿಯಂತೆ ಬೆಚ್ಚಗಾಗಿತ್ತು.

ಭಂಗಾರ್‌ವಾಲಾ ಬಂದು ಮಂಚ, ಬೀರು, ಸೈಕಲ್ಲು ಎಲ್ಲವನ್ನೂ ಹೊತ್ತುಕೊಂಡು ಹೋದ. ಕಾಕಾ ನಿಂತು ನೋಡಿದರು. ಅಂದು ಸಂಜೆ ನಾನು ಒಂಬತ್ತನೆಯ ನಂಬರಿನಲ್ಲಿ ಕಾರು ನಿಲ್ಲಿಸಿ, ಯಂತ್ರವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತೆ. ಅದನ್ನು ಸಿಕ್ಕಿಸದಿದ್ದರೆ ಕೋಣೆ ನನ್ನದೊಬ್ಬಳದೇ, ಲೋಟವಂತೂ ಡಿಕ್ಕಿಯಲ್ಲಿ ಇದ್ದೇ ಇದೆ. ಪಕ್ಕದಲ್ಲಿ ಕಾಕಾ ಪೇಪರ್ ಹಿಡಿದಿದ್ದರು, ಅದು ತಲೆಕೆಳಗಾಗಿತ್ತು.

ಸಿಕ್ಕಿಸಿದೆ. ನೀಲಿ ದೀಪ ಹೊತ್ತಿತು. ಎಂಬತ್ತೇಳೂವರೆ. ಬೆಳಿಗ್ಗೆಯೇ ನಾನು ವಿಜಿಗೆ ಎಲ್ಲವನ್ನೂ ಒಪ್ಪಿಸಿದ್ದೆ, ಅವಳ ಉತ್ತರವನ್ನು ಕೇಳದೆ ಹಾಗೇ ಉಳಿಸಿಟ್ಟುಕೊಂಡಿದ್ದೆ. ಒತ್ತಿದೆ.

"ಅಕ್ಕಾ, ನಿನ್ನ ಮನೆ ಕಾಯ! ಮೊದಲು ಆ ಜಾಧವ್ ಕಾಕಾರಿಗೆ ನನ್ನ ನಮಸ್ಕಾರ. ಕಾಕಾ, ಕೇಳಿಸ್ತಿದ್ಯಾ? ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ನಂದಿನಿ ಮನಸ್ಸಲ್ಲೂ ಆ ಕೋಡುಬಳೆ ಹುಡುಗನೇ ಇದ್ದನಂತೆ, ಈಗ ಕೇಳಿದ್ದಕ್ಕೆ ಬಾಯಿಬಿಟ್ಟಳು. ಅವರ ಮನೆಗೆ ಮತ್ತೆ ಫೋನ್ ಮಾಡ್ಲಾ, ಬೇಡ್ವಾ? ನೀವೇ ಹೇಳಿ."

ನಾನು ಪಕ್ಕಕ್ಕೆ ತಿರುಗಿದೆ. ಈ ಯಂತ್ರದಿಂದ ಮಾತು ಹೋಗುತ್ತದೆಯೇ ಹೊರತು ತಿರುಗಿ ಬರುವುದಿಲ್ಲ. ಕಾಕಾ ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು, ಕನ್ನಡಕ ಸರಿಮಾಡಿಕೊಂಡರು, ಆಮೇಲೆ ಎರಡು ವರ್ಷದಿಂದ ಗೇಟು ದಾಟದ ಆ ಕಾರಿನ ಹಾರ್ನಿನ ಮೇಲೆ ಅಂಗೈಯಿಟ್ಟು ಇಡೀ ಕಾಂಪೌಂಡು ಬೆಚ್ಚಿಬೀಳುವಂತೆ ಒಂದು ಸಲ ಒತ್ತಿದರು. ಆರನೆಯ ಮಹಡಿಯ ಬಾಲ್ಕನಿಯಲ್ಲಿ ನಮ್ಮವರು ತುಳಸಿ ಕುಂಡದ ಹಿಂದಿನಿಂದ ಇಣುಕಿದರು. ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದು ತಂಗಿಗೆ ಹೇಳಿದೆ: "ಮಾಡು ಅಂತಿದಾರೆ ಕಣೇ."